ಕರುಳಿನ ವಿಟಮಿನ್ ಡಿ ಗ್ರಾಹಕ

ವಿಟಮಿನ್ ಡಿ ಗ್ರಾಹಕವು (ರಿಸೆಪ್ಟರ್) ಸಣ್ಣ ಕರುಳಿನ ಒಳಪದರದ ಜೀವಕೋಶಗಳಲ್ಲಿ ಹೇರಳವಾಗಿರುವ ಒಂದು ಪ್ರೋಟೀನು. ಸ್ಟೀರಾಯ್ಡ್ ಹಾರ್ಮೋನುಗಳ ಗ್ರಾಹಕಗಳನ್ನು ಒಳಗೊಂಡ ಕೋಶಕೇಂದ್ರ ಗ್ರಾಹಕಗಳ ಕುಟುಂಬಕ್ಕೆ ಇದು ಸೇರಿದೆ. ಸೇವಿಸಿದ ಆಹಾರದ ಕ್ಯಾಲ್ಸಿಯಂನಲ್ಲಿ ಎಷ್ಟು ಭಾಗ ರಕ್ತವನ್ನು ಸೇರುತ್ತದೆ ಎಂಬುದು ಬಹುಮಟ್ಟಿಗೆ ಇದನ್ನು ಅವಲಂಬಿಸಿದೆ.

ಕಾರ್ಯವಿಧಾನ

ಬಿಸಿಲಿನ ನೇರಳಾತೀತ ಕಿರಣಗಳಿಂದ ಚರ್ಮದಲ್ಲಿ ಉಂಟಾಗುವ ವಿಟಮಿನ್ ಡಿ ಮೊದಲು ಯಕೃತ್ತಿನಲ್ಲಿ, ಬಳಿಕ ಮೂತ್ರಪಿಂಡಗಳಲ್ಲಿ ಮಾರ್ಪಟ್ಟು ಕ್ಯಾಲ್ಸಿಟ್ರಿಯಾಲ್ ಎಂಬ ಹಾರ್ಮೋನಾಗುತ್ತದೆ. ಇದು ಕರುಳಿನ ಕೋಶದೊಳಗೆ ಗ್ರಾಹಕವನ್ನು ಕೂಡಿಕೊಳ್ಳುತ್ತದೆ. ಆಗ ಗ್ರಾಹಕವು ರೆಟಿನಾಯ್ಡ್ ಎಕ್ಸ್ ಗ್ರಾಹಕದೊಡನೆ ಜೋಡಿಯಾಗಿ, ಡಿಎನ್‌ಎಯ ನಿರ್ದಿಷ್ಟ ಭಾಗಗಳಿಗೆ ಅಂಟಿಕೊಂಡು, ಕೆಲವು ಜೀನ್‌ಗಳನ್ನು ಚುರುಕುಗೊಳಿಸುತ್ತದೆ. ಪರಿಣಾಮವಾಗಿ ಕ್ಯಾಲ್ಸಿಯಂ ಅನ್ನು ಕೋಶದೊಳಕ್ಕೆ ಬಿಡುವ ಟಿಆರ್‌ಪಿವಿ6 ನಾಳ, ಅದನ್ನು ಕೋಶದ ಮತ್ತೊಂದು ಬದಿಗೆ ಸಾಗಿಸುವ ಕ್ಯಾಲ್‌ಬಿಂಡಿನ್ ಮತ್ತು ರಕ್ತದತ್ತ ಹೊರಹಾಕುವ ಪಂಪು, ಈ ಮೂರೂ ಪ್ರೋಟೀನುಗಳ ಉತ್ಪಾದನೆ ಹೆಚ್ಚುತ್ತದೆ.

ಇತಿಹಾಸ

ಮಾರ್ಕ್ ಹಾಸ್ಲರ್ ಮತ್ತು ಆಂಥೊನಿ ನಾರ್ಮನ್ 1969ರಲ್ಲಿ ಕೋಳಿಮರಿಯ ಕರುಳಿನಲ್ಲಿ ಈ ಗ್ರಾಹಕವನ್ನು ಗುರುತಿಸಿದರು. 427 ಅಮೈನೋ ಆಮ್ಲಗಳುಳ್ಳ ಮಾನವ ಗ್ರಾಹಕದ ರಚನಾಕ್ರಮ 1988ರಲ್ಲಿ ತಿಳಿದುಬಂತು.

ಗ್ರಾಹಕದ ದೋಷ

ಗ್ರಾಹಕದ ಜೀನ್ ಹುಟ್ಟಿನಿಂದಲೇ ದೋಷಯುಕ್ತವಾಗಿದ್ದರೆ, ರಕ್ತದಲ್ಲಿ ಕ್ಯಾಲ್ಸಿಟ್ರಿಯಾಲ್ ಸಾಕಷ್ಟಿದ್ದರೂ ಮಗುವಿಗೆ ರಿಕೆಟ್ಸ್ ಬರುತ್ತದೆ. ಇಂಥ ಮಕ್ಕಳಿಗೆ ರಕ್ತನಾಳದ ಮೂಲಕ ಕ್ಯಾಲ್ಸಿಯಂ ನೀಡಿದಾಗ ಮೂಳೆಗಳು ಸುಧಾರಿಸಿವೆ. ಮೂಳೆಯ ಬೆಳವಣಿಗೆಯಲ್ಲಿ ಈ ಗ್ರಾಹಕದ ಮುಖ್ಯ ಪಾತ್ರ ಕರುಳಿನಲ್ಲಿಯೇ ಇದೆ ಎಂಬುದನ್ನು ಇದು ಸೂಚಿಸುತ್ತದೆ.

ಆಹಾರದೊಂದಿಗಿನ ಸಂಬಂಧ

ಮೈಸೂರು ಸೀಮೆಯ ಪ್ರಧಾನ ಧಾನ್ಯವಾದ ರಾಗಿಯ 100 ಗ್ರಾಂನಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಇದು ಅಕ್ಕಿ, ಗೋಧಿಗಳಿಗಿಂತ ಹಲವು ಪಟ್ಟು ಹೆಚ್ಚು. ಆದರೆ ರಾಗಿಯಲ್ಲಿನ ಫೈಟಿಕ್ ಆಮ್ಲವು ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ. ರಾಗಿ ಸರಿಗಾಗಿ ಕಾಳನ್ನು ಮೊಳಕೆ ಕಟ್ಟಿಸಿದಾಗ ಈ ಆಮ್ಲ ಕಡಿಮೆಯಾಗುತ್ತದೆ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಮೊಳಕೆ ರಾಗಿಯ ಶಿಶು ಆಹಾರದ ಬಗ್ಗೆ ಸಂಶೋಧನೆ ನಡೆಸಿದೆ.

ಮೊಳಕೆಯಿಂದ ಬಿಡುಗಡೆಯಾದ ಕ್ಯಾಲ್ಸಿಯಂ ಕೂಡ ಕರುಳನ್ನು ದಾಟಬೇಕು. ವಿಟಮಿನ್ ಡಿ ಕೊರತೆಯಿದ್ದಾಗ ಆಹಾರದ ಕ್ಯಾಲ್ಸಿಯಂನಲ್ಲಿ ಸುಮಾರು ಶೇ. 10–15 ಮಾತ್ರ ಹೀರಲ್ಪಡುತ್ತದೆ. ಅದು ಸಾಕಷ್ಟಿದ್ದಾಗ ಈ ಪ್ರಮಾಣ ಶೇ. 30–40ಕ್ಕೆ ಏರುತ್ತದೆ. ಆದ್ದರಿಂದ ಕ್ಯಾಲ್ಸಿಯಂ ಸಮೃದ್ಧವಾದ ಆಹಾರ ಉಣ್ಣುವವರಲ್ಲಿಯೂ, ಬಿಸಿಲು ತಾಕದಿದ್ದರೆ, ಮೂಳೆಗಳು ದುರ್ಬಲವಾಗಬಹುದು.