ಬ್ರೌಸರನ್ನು ನಡೆಸುವ ಯಂತ್ರ

ಕೈಬರಹದ ಪಹಣಿಯ ಜಾಗಕ್ಕೆ ಗಣಕದ ಪಹಣಿಯನ್ನು ತಂದದ್ದು 'ಭೂಮಿ' ಯೋಜನೆ. ಹಿರಿಯೂರು, ಹೊಸದುರ್ಗ ಅಥವಾ ಹೊಳಲ್ಕೆರೆಯ ಜಮೀನಿನ ಪಹಣಿ ನೋಡಲು ಅದರ ಜಾಲತಾಣದಲ್ಲಿ ನೀವು ಮೊದಲು ಚಿತ್ರದುರ್ಗ ಜಿಲ್ಲೆಯನ್ನು ಆರಿಸಬೇಕು. ಆಮೇಲೆ ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು. "ಇಂಥ ಪಹಣಿ ಹುಡುಕಿಕೊಡು" ಎಂದರೆ ಇಷ್ಟನ್ನೂ ತಾನೇ ಮಾಡಹೊರಡುವ ಕೃತಕ ಬುದ್ಧಿಮತ್ತೆಯ ಸಹಾಯಕಗಳು ಈಗ ಬಂದಿವೆ. ಇವುಗಳ ಪೂರ್ವಜ ಯಾವುದು ಗೊತ್ತೆ?

2004ರಲ್ಲಿ ಷಿಕಾಗೊದ ಜೇಸನ್ ಹಗ್ಗಿನ್ಸ್, ಜಾಲಪುಟಗಳನ್ನು ಪರೀಕ್ಷಿಸಲು ಬ್ರೌಸರನ್ನು ತಾನಾಗಿ ನಡೆಸುವ 'ಸೆಲೆನಿಯಂ' ರೂಪಿಸಿದರು. ಪ್ರತಿಸ್ಪರ್ಧಿ ಕಂಪನಿಯ ಹೆಸರು ಮರ್ಕ್ಯುರಿ; ಪಾದರಸದ ವಿಷಕ್ಕೆ ಸೆಲೆನಿಯಂ ಮದ್ದು ಎಂಬ ತಮಾಷೆಯಿಂದ ಹುಟ್ಟಿದ ಹೆಸರಿದು! ಅದಕ್ಕೆ ಪ್ರತಿ ಹೆಜ್ಜೆಯನ್ನೂ ಮೊದಲೇ ಬರೆದುಕೊಡಬೇಕಿತ್ತು. ಪುಟದ ರಚನೆ ಬದಲಾದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. 2024ರಿಂದೀಚೆಗೆ ಬಳಕೆಗೆ ಬಂದ ಸಹಾಯಕಗಳಾದರೋ ಪುಟವನ್ನು ಓದಿ ಮುಂದಿನ ಹೆಜ್ಜೆಯನ್ನು ತಾವೇ ನಿರ್ಧರಿಸುತ್ತವೆ.

ಹೇಗೆ ಓದುತ್ತವೆ? ಕೆಲವು ಪರದೆಯ ಚಿತ್ರವನ್ನು ನೋಡುತ್ತವೆ. ಇನ್ನು ಕೆಲವು, ದೃಷ್ಟಿಹೀನರಿಗೆ ಪುಟವನ್ನು ಓದಿಹೇಳುವ ತಂತ್ರಾಂಶಕ್ಕೆಂದು ಬ್ರೌಸರ್ ಸಿದ್ಧಪಡಿಸುವ ವಿವರಗಳನ್ನೇ ಬಳಸುತ್ತವೆ: ಇದು ಗುಂಡಿ, ಇದು ಗ್ರಾಮದ ಆಯ್ಕೆ, ಹೀಗೆ. ಪುಟದ ಪ್ರತಿ ಚೌಕಕ್ಕೂ ಹೆಸರು ಜೋಡಿಸಿರಿ ಎಂದು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 1999ರಲ್ಲೇ ಮಾರ್ಗಸೂಚಿ ಹೊರಡಿಸಿತ್ತು. ಬಹಳ ಮಂದಿ ಕಿವಿಗೊಡಲಿಲ್ಲ. ಹೆಸರಿಲ್ಲದ ಚೌಕ ಎದುರಾದರೆ ದೃಷ್ಟಿಹೀನರು ತಡೆದು ನಿಲ್ಲುತ್ತಾರೆ. ಯಂತ್ರ ಊಹಿಸಿ ಮುಂದುವರಿದರೂ ಮುಂದುವರಿದೀತು. ಆಗ ನಿಮ್ಮ ಕೈಗೆ ಬರುವುದು ಪಕ್ಕದವರ ಹೊಲದ ಪಹಣಿ. ಬ್ಯಾಂಕಿಗೆ ಕೊಡುವ ಮುನ್ನ ಗ್ರಾಮ, ಸರ್ವೆ ನಂಬರು, ಹಿಸ್ಸಾಗಳನ್ನು ನೀವೇ ಒಮ್ಮೆ ನೋಡಿಕೊಳ್ಳಿ.