ಅಳತೆ ಒಂದೇ, ಗುಂಡು ಬೇರೆ: 303ರ ಕಥೆ



ತರಗತಿಯಲ್ಲಿ ಕೊಟ್ಟ ತಪ್ಪು ಉತ್ತರವು ನಿವೃತ್ತಿಯಾದ ಮೇಲೂ ಮೇಷ್ಟರ ಬೆನ್ನು ಬಿಡುವುದಿಲ್ಲ. ಅಂಥ ಒಂದು ಉತ್ತರವನ್ನು ತಿದ್ದಿಕೊಳ್ಳಲೆಂದು ಇಂದು ಬರೆಯುತ್ತಿದ್ದೇನೆ.

ಶಾಲೆಯ ಎನ್.ಸಿ.ಸಿ. ತುಕಡಿಯ ಹೊಣೆ ನನ್ನದಾಗಿದ್ದ ದಿನಗಳು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ನಾಗಪುರದ ಬಳಿಯ ಕಾಮ್ಟಿಯಲ್ಲಿ ತರಬೇತಿ ಪಡೆದಾಗ ನಾನೂ 303 ರೈಫಲ್ ಹಾರಿಸಿ, ಭುಜ ಊದಿಸಿಕೊಂಡು ಬಂದವನೇ. ಒಂದು ವಾರ್ಷಿಕ ಶಿಬಿರದಲ್ಲಿ ಹವಾಲ್ದಾರರು 303ರ ತೋಟಾವೊಂದನ್ನು ಹುಡುಗರಿಗೆ ತೋರಿಸುತ್ತಿದ್ದರು. ಆಗ ಒಬ್ಬ ಹುಡುಗ ನನ್ನ ಬಳಿ ಬಂದು, "ಸರ್, ಇತಿಹಾಸದ ಪಾಠದಲ್ಲಿ ನೀವು ಹೇಳಿದ ಡಮ್‌ಡಮ್ ಗುಂಡೂ 303, ಇದೂ 303. ಹಾಗಾದರೆ ಎರಡೂ ಒಂದೇ ತಾನೆ?" ಎಂದು ಕೇಳಿದ. "ಅಳತೆ ಒಂದೇ ಆದಮೇಲೆ ಗುಂಡೂ ಒಂದೇ ಕಣಯ್ಯ, ಸಾಲಿಗೆ ನಡೆ" ಎಂದು ಕಳುಹಿಸಿಬಿಟ್ಟೆ. ಪ್ರಶ್ನೆ ಚೆನ್ನಾಗಿತ್ತು; ಉತ್ತರ ತಪ್ಪಾಗಿತ್ತು.

303 ಎಂಬುದು ನಳಿಕೆಯ ಒಳವ್ಯಾಸದ ಅಳತೆ: ಒಂದು ಅಂಗುಲದ ಸಾವಿರ ಭಾಗಗಳಲ್ಲಿ 303 ಭಾಗ, ಅಂದರೆ ಸುಮಾರು 7.7 ಮಿಲಿಮೀಟರ್. ಗುಂಡಿನ ತೂಕವೆಷ್ಟು, ಆಕಾರವೇನು, ಅದರ ಹಿಂದೆ ತುಂಬಿದ ಮದ್ದು ಯಾವುದು ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಒಂದೇ ಅಳತೆಯ ಪಾತ್ರೆಯಲ್ಲಿ ಗಂಜಿಯನ್ನೂ ಬೇಯಿಸಬಹುದು, ಪಾಯಸವನ್ನೂ ಬೇಯಿಸಬಹುದು.

ಬ್ರಿಟಿಷ್ ಸೇನೆಯು ಲೀ-ಮೆಟ್‌ಫರ್ಡ್ ರೈಫಲನ್ನು ಒಪ್ಪಿಕೊಂಡದ್ದು 1888ರಲ್ಲಿ. ಹೊಗೆಯಿಲ್ಲದ ಮದ್ದು ಅಲ್ಲಿ ಇನ್ನೂ ಸಿದ್ಧವಾಗಿರಲಿಲ್ಲವಾದ್ದರಿಂದ ಮೊದಲ ತೋಟಾಗಳಲ್ಲಿ ಕರಿಮದ್ದನ್ನೇ ಒತ್ತಿ ತುಂಬಿದರು. ಗುಂಡಿನ ತುದಿ ದುಂಡಗೆ, ತೂಕ 215 ಗ್ರೇನ್, ಅಂದರೆ ಸುಮಾರು 14 ಗ್ರಾಂ. ನಳಿಕೆಯಿಂದ ಹೊರಬೀಳುವಾಗ ಅದರ ವೇಗ ಸೆಕೆಂಡಿಗೆ ಸುಮಾರು 1,850 ಅಡಿ. ಕೆಲವೇ ವರ್ಷಗಳಲ್ಲಿ ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದು ಬಂದಿತು. ಅದೇ ಅಳತೆ, ಅದೇ ತೂಕದ ಗುಂಡು. ವೇಗ ಮಾತ್ರ 1,970 ಅಡಿಗೆ ಏರಿತು. ಆದರೆ ವೇಗವೆಂಬುದು ಪುಕ್ಕಟೆಯಾಗಿ ಸಿಗುವ ವಸ್ತುವಲ್ಲ. ಕಾರ್ಡೈಟಿನ ತೀವ್ರ ಶಾಖಕ್ಕೆ ಮೆಟ್‌ಫರ್ಡ್ ನಳಿಕೆಯ ತೆಳುವಾದ ಸುರುಳಿಗೀರುಗಳು ಬೇಗನೆ ಸವೆದವು. ಆ ಕಾರಣ ಆಳವಾದ ಗೀರುಗಳ ಬೇರೊಂದು ನಳಿಕೆ ಬೇಕಾಯಿತು. 1895ರಲ್ಲಿ ಬಂದ ಲೀ-ಎನ್‌ಫೀಲ್ಡ್ ಹುಟ್ಟಿದ್ದು ಹೀಗೆ.

ಅದೇ 1895ರಲ್ಲಿ ವಾಯವ್ಯ ಗಡಿನಾಡಿನ ಚಿತ್ರಾಲ್ ದಂಡಯಾತ್ರೆ ನಡೆಯಿತು. ಚಿಕ್ಕ ವ್ಯಾಸದ ಈ ಗಟ್ಟಿಹೊದಿಕೆಯ ಗುಂಡು ಶತ್ರುವಿನ ಮೈ ತೂರಿ ಆಚೆ ಹೋಗುತ್ತದೆಯೇ ಹೊರತು ಅವನನ್ನು ತಡೆಯುವುದಿಲ್ಲ ಎಂಬ ದೂರು ಎದ್ದಿತು. ಕಲ್ಕತ್ತೆಯ ಬಳಿಯ ಡಮ್‌ಡಮ್ ಕಾರ್ಖಾನೆಯಲ್ಲಿ ಕ್ಯಾಪ್ಟನ್ ಬರ್ಟಿ-ಕ್ಲೇ ಎಂಬ ಅಧಿಕಾರಿ ಗುಂಡಿನ ತುದಿಯ ಹೊದಿಕೆಯನ್ನು ತುಸು ತೆಗೆದು ಒಳಗಿನ ಸೀಸ ಕಾಣುವಂತೆ ಮಾಡಿದನು. ಮೈಗೆ ತಾಗಿದೊಡನೆ ಹರಡಿಕೊಂಡು ಘೋರವಾದ ಗಾಯ ಮಾಡುವ ಗುಂಡು ಅದು. 1899ರ ಹೇಗ್ ಘೋಷಣೆಯು ಯುದ್ಧದಲ್ಲಿ ಇಂಥ ಗುಂಡುಗಳನ್ನು ನಿಷೇಧಿಸಿತು. ನನ್ನ ವಿದ್ಯಾರ್ಥಿ ಕೇಳಿದ ಡಮ್‌ಡಮ್ ಇದು. ಶಿಬಿರದಲ್ಲಿ ಅವನು ಕಂಡದ್ದು ಇದಲ್ಲ.

ಅವನು ಕಂಡದ್ದು 1910ರಲ್ಲಿ ಬಂದ ಏಳನೆಯ ಮಾದರಿ, ಅಂದರೆ ಮಾರ್ಕ್ 7. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ (1899-1902) ಎದುರಾಳಿಗಳ 7 ಮಿಲಿಮೀಟರ್ ಮೌಸರ್ ರೈಫಲಿನ ವೇಗದ ಗುಂಡು ಬ್ರಿಟಿಷರನ್ನು ಚಿಂತೆಗೀಡು ಮಾಡಿತ್ತು. ಅಷ್ಟರಲ್ಲಿ ಫ್ರಾನ್ಸ್ ಮತ್ತು ಜರ್ಮನಿಗಳು ಚೂಪು ತುದಿಯ ಗುಂಡಿಗೆ ತಿರುಗಿದ್ದವು. 1904ರ ಮಾರ್ಕ್ 6 ಇನ್ನೂ ದುಂಡು ತುದಿಯದೇ: 215 ಗ್ರೇನ್, ವೇಗ ಸುಮಾರು 2,060 ಅಡಿ. ಮಾರ್ಕ್ 7ರ ತುದಿ ಚೂಪು, ತೂಕ 174 ಗ್ರೇನ್, ವೇಗ 2,440 ಅಡಿ. ಎರಡೂ ಅದೇ ರೈಫಲಿಗೆ ಹೊಂದುತ್ತಿದ್ದವು.

ಈ ವ್ಯತ್ಯಾಸದ ಅರ್ಥವನ್ನು ಕಪ್ಪುಹಲಗೆಯ ಲೆಕ್ಕದಿಂದಲೇ ತಿಳಿಯಬಹುದು. ಮೀಟರುಗಳಲ್ಲಿ ಹೇಳುವುದಾದರೆ ಮಾರ್ಕ್ 6ರ ವೇಗ ಸೆಕೆಂಡಿಗೆ 628, ಮಾರ್ಕ್ 7ರದು 744. ಗಾಳಿಯ ತಡೆಯನ್ನು ಬದಿಗಿಟ್ಟು ನೋಡೋಣ. ಐನೂರು ಮೀಟರ್ ದೂರವನ್ನು ಮೊದಲನೆಯದು 0.80 ಸೆಕೆಂಡಿನಲ್ಲಿಯೂ ಎರಡನೆಯದು 0.67 ಸೆಕೆಂಡಿನಲ್ಲಿಯೂ ಮುಟ್ಟುತ್ತದೆ. ಅಷ್ಟರೊಳಗೆ ಗುರುತ್ವಾಕರ್ಷಣೆಯು ಮೊದಲನೆಯದನ್ನು 3.1 ಮೀಟರ್, ಎರಡನೆಯದನ್ನು 2.2 ಮೀಟರ್ ಕೆಳಗೆಳೆಯುತ್ತದೆ. ಅಂತರ ಸುಮಾರು 90 ಸೆಂಟಿಮೀಟರ್. ನಿಜವಾದ ಗಾಳಿಯಲ್ಲಿ ದುಂಡು ತುದಿಯ ಗುಂಡು ಇನ್ನೂ ಬೇಗ ಸೊರಗುವುದರಿಂದ ಅಂತರ ಮತ್ತಷ್ಟು ಹೆಚ್ಚು. ಹಳೆಯ ಗುಂಡಿಗೆಂದು ಗೀಟು ಹಾಕಿದ ಬ್ಯಾಕ್‌ಸೈಟಿನಲ್ಲಿ ಗುರಿ ಹಿಡಿದು ಹೊಸ ಗುಂಡು ಹಾರಿಸಿದರೆ ಅದು ಮನುಷ್ಯನ ತಲೆಯ ಮೇಲೆ ಹಾದುಹೋಗುತ್ತದೆ.

ಇದು ಕೇವಲ ಲೆಕ್ಕದ ಮಾತಲ್ಲ. 1914ರ ಸೆಪ್ಟೆಂಬರ್ ಕೊನೆಯಲ್ಲಿ ನಮ್ಮ ಭಾರತೀಯ ಸೇನೆಯ ಲಾಹೋರ್ ಡಿವಿಷನ್ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿಯಿತು. ಸಿಪಾಯಿಗಳು ತಾವು ಪಳಗಿದ ರೈಫಲುಗಳನ್ನು ಅಲ್ಲಿ ಒಪ್ಪಿಸಿ, ಹೊಸ ಮದ್ದುಗುಂಡಿಗೆ ಹೊಂದುವ ಹೊಸ ರೈಫಲುಗಳನ್ನು ಪಡೆಯಬೇಕಾಯಿತು. ಹಳೆಯದೂ 303, ಹೊಸದೂ 303. ಅಕ್ಟೋಬರ್ ಮುಗಿಯುವ ಮೊದಲೇ ಅವರು ಬೆಲ್ಜಿಯಮ್ಮಿನ ಮತ್ತು ಉತ್ತರ ಫ್ರಾನ್ಸಿನ ಕೆಸರಿನಲ್ಲಿ ಜರ್ಮನರನ್ನು ಎದುರಿಸುತ್ತಿದ್ದರು. ಗುಂಡು ಎಲ್ಲಿ ಬೀಳುತ್ತದೆಂಬ ಅಂದಾಜು ಸಿಪಾಯಿಯ ಕೈಗೆ ಬರುವುದು ವರ್ಷಗಳ ಅಭ್ಯಾಸದಿಂದ. ಅದನ್ನು ಹೊಸದಾಗಿ ಕಲಿಯಲು ಅವರಿಗೆ ದೊರೆತದ್ದು ಕೆಲವೇ ವಾರಗಳು. "ಎರಡೂ ಒಂದೇ ಕಣಯ್ಯ" ಎಂಬ ನನ್ನ ಮಾತನ್ನು ಆ ಸಿಪಾಯಿಗಳ ಮುಂದೆ ಆಡಲು ಸಾಧ್ಯವಿತ್ತೇ?

ವೇಗವೇ ಮುಖ್ಯವಾದರೆ ಇನ್ನೂ ಹೆಚ್ಚಿಸಬಾರದಿತ್ತೇ ಎಂದು ನೀವು ಕೇಳಬಹುದು. ಬ್ರಿಟಿಷರು ಅದನ್ನೂ ಪರೀಕ್ಷಿಸಿದರು. 1913ರಲ್ಲಿ 276 ಅಳತೆಯ, ಸುಮಾರು 2,800 ಅಡಿ ವೇಗದ ಹೊಸ ತೋಟಾವನ್ನು ಸೈನಿಕರ ಕೈಗೆ ಕೊಟ್ಟು ನೋಡಿದರು. ನಳಿಕೆ ಅತಿಯಾಗಿ ಕಾಯಿತು, ಬೇಗ ಸವೆಯಿತು, ಬಾಯಲ್ಲಿ ಬೆಂಕಿ ಹೆಚ್ಚು ಮಿನುಗಿತು, ಭುಜಕ್ಕೆ ಪೆಟ್ಟೂ ಜೋರಾಯಿತು. ಮರುವರ್ಷ ಯುದ್ಧ ಬಂದುದರಿಂದ ಆ ಯೋಜನೆಯನ್ನು ಕೈಬಿಟ್ಟರು. ಲಕ್ಷಾಂತರ ರೈಫಲುಗಳೂ ಮೆಷಿನ್‌ಗನ್ನುಗಳೂ ಒಂದೇ ತೋಟಾವನ್ನು ನುಂಗುತ್ತಿರುವಾಗ ನಡುವೆ ಹೊಸ ಅಳತೆ ತರುವುದು ಸಾಧ್ಯವಿರಲಿಲ್ಲ. ಆಮೇಲೆ 303ರಲ್ಲಿಯೇ 2,550 ಅಡಿ ವೇಗದ ಮಾರ್ಕ್ 8 ಬಂದಿತು. ಅದು ವಿಕರ್ಸ್ ಮೆಷಿನ್‌ಗನ್ನಿನಿಂದ ಬಹುದೂರ ಹೊಡೆಯಲೆಂದು. ಸಾಮಾನ್ಯ ಸಿಪಾಯಿಯ ಕೈಯಲ್ಲಿ ಉಳಿದದ್ದು ಮಾರ್ಕ್ 7. ಎಲ್ಲಕ್ಕಿಂತ ವೇಗವಾದುದಲ್ಲ, ರೈಫಲು, ಭುಜ, ಉಗ್ರಾಣ ಮೂರೂ ತಾಳಿಕೊಂಡದ್ದು.

ಆ ತಾಳಿಕೆಯೇ ಅದರ ಆಯುಸ್ಸಾಯಿತು. 1962ರ ಚೀನಾ ಯುದ್ಧದಲ್ಲಿ ನಮ್ಮ ಯೋಧರ ಕೈಯಲ್ಲಿದ್ದುದು 303. ಆ ಬಳಿಕ ಸೇನೆಯು 7.62 ಮಿಲಿಮೀಟರಿನ ಎಸ್.ಎಲ್.ಆರ್. ರೈಫಲಿಗೆ ಬದಲಾದರೂ ಪೊಲೀಸರಲ್ಲಿ 303 ದಶಕಗಳ ಕಾಲ ಉಳಿಯಿತು. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿಧ್ಯುಕ್ತವಾಗಿ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು.

ಶಿಬಿರದಲ್ಲಿ ನನ್ನನ್ನು ಪ್ರಶ್ನಿಸಿದ ಆ ಹುಡುಗ ಈಗ ತಾತನಾಗಿರಬಹುದು. ಅಯ್ಯಾ, ಇದನ್ನು ನೀನು ಓದುತ್ತಿದ್ದರೆ ಕೇಳು: ಎರಡೂ ಒಂದೇ ಅಲ್ಲ. ಅಂದು ನಿನ್ನನ್ನು ಸಾಲಿಗೆ ಅಟ್ಟಿದ್ದು ನನ್ನ ತಪ್ಪು. ನಿನ್ನ ಮೊಮ್ಮಕ್ಕಳು ಇಂಥ ಪ್ರಶ್ನೆ ಕೇಳಿದಾಗ ನೀನು ಹಾಗೆ ಮಾಡಬೇಡ.