ಸೈಜ್‌ಅಪ್

ಅಮೆರಿಕದ ಅಗ್ನಿಶಾಮಕರ ಮಾತಿನಲ್ಲಿ ‘ಸೈಜ್‌ಅಪ್’ ಎಂದರೆ ನೀರು ಹಾರಿಸುವ ಮುನ್ನ ಬೆಂಕಿಯ ಪರಿಸ್ಥಿತಿಯನ್ನು ಅಳೆದು ನೋಡುವುದು. ‘ಸೈಜ್’ ಹುಟ್ಟಿದ್ದು ಹಳೆಯ ಫ್ರೆಂಚಿನ ‘ಅಸೀಜ್’ನಿಂದ. ಮೂಲದಲ್ಲಿ ಅದು ನ್ಯಾಯಸಭೆ, ಆಮೇಲೆ ಆ ಸಭೆ ಗೊತ್ತುಮಾಡಿದ ಕಟ್ಟಳೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಬ್ರೆಡ್ಡಿನ ತೂಕ, ಏಲ್ ಮದ್ಯದ ಬೆಲೆ ಇಂಥ ಕಟ್ಟಳೆಗೆ ಒಳಪಟ್ಟಿದ್ದವು. ಕಟ್ಟಳೆಯಿಂದ ಅಳತೆ, ಅಳತೆಯಿಂದ ಗಾತ್ರ.

ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್‌ನಲ್ಲಿ ಅಗ್ನಿಶಾಮಕ ಮುಖ್ಯಸ್ಥರಾಗಿದ್ದ ಲಾಯ್ಡ್ ಲೇಮನ್ ಬೆಂಕಿಯ ಸೈಜ್‌ಅಪ್‌ಗೆ ಐದು ಮೆಟ್ಟಿಲು ಕಟ್ಟಿದರು: ಕಂಡ ಸಂಗತಿ, ಮುಂದೆ ಆಗಬಹುದಾದದ್ದು, ನಮ್ಮ ಕೈಯಲ್ಲಿರುವ ಬಲ, ನಿರ್ಧಾರ, ಕಾರ್ಯಯೋಜನೆ. ಎರಡನೆಯದೇ ಕಷ್ಟದ್ದು. ಹೊಗೆ ಎಷ್ಟಿದೆ, ಎಷ್ಟು ರಭಸದಿಂದ ನುಗ್ಗುತ್ತಿದೆ, ಎಷ್ಟು ದಟ್ಟ, ಯಾವ ಬಣ್ಣ ಎಂಬುದರಿಂದ ಒಳಗಿನ ಬೆಂಕಿಯ ನಡೆಯನ್ನು ಊಹಿಸಬೇಕು. ಮೊದಲು ತಲುಪಿದ ಅಧಿಕಾರಿ ಸಾಧ್ಯವಾದರೆ ಕಟ್ಟಡಕ್ಕೆ ಒಂದು ಸುತ್ತು ಬರುತ್ತಾರೆ. ಇಳಿಜಾರಿನ ಮನೆ ಮುಂದಿನಿಂದ ಒಂದಂತಸ್ತು, ಹಿಂದಿನಿಂದ ಎರಡಂತಸ್ತು ಆಗಿರಬಹುದು. ಕಂಡದ್ದನ್ನು ರೇಡಿಯೊದಲ್ಲಿ ಹೇಳಿ ಕಮಾಂಡ್ ವಹಿಸಿಕೊಳ್ಳುತ್ತಾರೆ.

ಕನ್ನಡದಲ್ಲಿ ಹತ್ತಿರದ ಮಾತು ಪಾರಸಿ ಮೂಲದ ‘ಅಂದಾಜು’. ಆದರೆ ನಮ್ಮ ಅಂದಾಜು ಒಮ್ಮೆ ಕಟ್ಟಿ ಬಿಡುವಂಥದ್ದು, ಕಟ್ಟಡದ ಖರ್ಚಿನದಾದರೂ ಸರಿ, ಊಟಕ್ಕೆ ಬರುವವರದಾದರೂ ಸರಿ. ಸೈಜ್‌ಅಪ್ ಬೆಂಕಿ ಆರುವವರೆಗೂ ನಡೆಯುತ್ತದೆ: ಚಾವಣಿ ಕುಗ್ಗಿದ್ದು ಕಂಡರೆ ಒಳಗೆ ಕಳಿಸಿದವರನ್ನು ತಕ್ಷಣ ಹೊರಕ್ಕೆ ಕರೆಸಬೇಕು.